ಬೇಲಿ ದಾಟಿದರೆ ಔಟ್

ನನ್ನ ಗಂಡನಿಗೆ ಅಳತೆಯ ಹುಚ್ಚು. ಹೊಸ ಮನೆಗೆ ಕಾಲಿಟ್ಟರೆ ಜನ ಗೋಡೆಯ ಬಣ್ಣ ನೋಡುತ್ತಾರೆ, ಅಡುಗೆಮನೆ ನೋಡುತ್ತಾರೆ. ಇವರು ಬಾಗಿಲಿನಿಂದ ಕಿಟಕಿಯವರೆಗೆ ಹೆಜ್ಜೆ ಹಾಕಿ, ತುಟಿಯೊಳಗೇ ಲೆಕ್ಕ ಹೇಳಿಕೊಂಡು, ತಲೆಯಾಡಿಸುತ್ತಾರೆ. ಸೌದಿಯ ಜುಬೈಲಿನ ಒಂದು ಗುತ್ತಿಗೆ ಕಂಪನಿಯಲ್ಲಿ ಸರ್ವೇಯರ್ ಆದದ್ದರಿಂದ ಹೀಗಾದರೋ, ಹೀಗಿದ್ದುದರಿಂದಲೇ ಸರ್ವೇಯರ್ ಆದರೋ, ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಬಗೆಹರಿದಿಲ್ಲ. ನಾನು ಇಲ್ಲಿಯ ಒಂದು ಪಾಲಿಕ್ಲಿನಿಕ್ಕಿನಲ್ಲಿ ನರ್ಸು. ನನಗೆ ಜ್ವರ ಅಳೆದರೆ ಸಾಕು.

ಟಿ.ವಿ.ಯಲ್ಲಿ ಪಂದ್ಯ ಬಂದರೆ ಎಲ್ಲರೂ ಆಟ ನೋಡುತ್ತಾರೆ, ಇವರು ಮೈದಾನ ನೋಡುತ್ತಾರೆ. ಇವತ್ತು ಪಿಚ್ಚು ಒಂದು ಬದಿಗೆ ಸರಿದಿದೆ, ಆಚೆಯ ಬೌಂಡರಿ ಹತ್ತಿರ, ಈಚೆಯದು ದೂರ ಎಂದು ವಿವರಿಸುವಷ್ಟರಲ್ಲಿ ವಿಕೆಟ್ಟು ಬಿದ್ದು ಜಾಹೀರಾತು ಶುರುವಾಗಿರುತ್ತದೆ. ಟೆನಿಸ್ ಅಂಕಣ ಜಗತ್ತಿನಲ್ಲಿ ಎಲ್ಲಿಗೆ ಹೋದರೂ ಒಂದೇ ಅಳತೆಯಂತೆ. ಕ್ರಿಕೆಟ್ಟಿನಲ್ಲಿ ಮಾತ್ರ ಇಪ್ಪತ್ತೆರಡು ಗಜದ ಪಿಚ್ಚು ಖಾಯಂ, ಅದರಾಚೆ ಬೌಂಡರಿಗೆ ಇಷ್ಟರಿಂದ ಇಷ್ಟರೊಳಗೆ ಎಂಬ ಮಿತಿ ಬಿಟ್ಟರೆ ಉಳಿದದ್ದು ಆ ಊರಿನ ಜಾಗ ಇದ್ದ ಹಾಗೆ. ಫುಟ್‌ಬಾಲ್ ಮೈದಾನವೂ ಅಷ್ಟೇ, ಒಂದು ಉದ್ದ, ಇನ್ನೊಂದು ಅಗಲ. ರಾಸ್ ತನೂರಾದಲ್ಲಿ ಕೆಲಸವಿದ್ದಾಗ ಅಮೆರಿಕದ ಎಂಜಿನಿಯರನೊಬ್ಬ ಇವರಿಗೆ ಬೇಸ್‌ಬಾಲ್ ವಿಷಯ ಹೇಳಿದನಂತೆ. ಒಳಗಿನ ಅಳತೆ ಕೂದಲೆಳೆಯಷ್ಟೂ ಆಚೀಚೆ ಆಗಬಾರದು, ಹೊರಗಿನ ಗೋಡೆ ಮಾತ್ರ ಊರೂರಿಗೆ ಬೇರೆ. ಆ ವಾರವಿಡೀ ಅದೇ ಕಥೆ. ಪವಾಡ ಕಂಡು ಬಂದವರ ಹಾಗೆ ಹೇಳಿದ್ದನ್ನೇ ಹೇಳಿ ನನ್ನ ತಲೆ ತಿಂದರು.

ಕೋಟಿಗಟ್ಟಲೆ ಸಂಬಳ ತೆಗೆದುಕೊಳ್ಳುವವರು ಆಡುವ ಮೈದಾನಗಳೇ ಒಂದರ ಹಾಗೆ ಒಂದಿಲ್ಲ ಎನ್ನುವುದು ಇವರಿಗೆ ದೊಡ್ಡ ಸಮಾಧಾನ. ನಾನು ತಮಾಷೆ ಮಾಡುತ್ತೇನೆ ನಿಜ, ಆದರೆ ಪೂರ್ತಿ ತಳ್ಳಿಹಾಕಲಾರೆ. ಉಡುಪಿಯಲ್ಲಿ ಕಾಲೇಜಿನ ತ್ರೋಬಾಲ್ ತಂಡದಲ್ಲಿ ನಾನಿದ್ದೆ. ನಮಗೆ ಬೇರೆ ಅಂಕಣವಿರಲಿಲ್ಲ, ವಾಲಿಬಾಲ್ ಗೆರೆಗಳ ಒಳಗೇ ಅಭ್ಯಾಸ. ಪಂದ್ಯಕ್ಕೆ ಹೋದರೆ ಅಲ್ಲಿಯ ತ್ರೋಬಾಲ್ ಅಂಕಣ ಅದಕ್ಕಿಂತ ಅಗಲ. ಔಟ್ ಎಂದುಕೊಂಡು ನಾವು ಗತ್ತಿನಿಂದ ಬಿಟ್ಟ ಚೆಂಡುಗಳೆಲ್ಲ ಗೆರೆಯೊಳಗೇ ಬಿದ್ದವು. ಕಾಲಿನ ಅಭ್ಯಾಸವನ್ನು ಒಂದು ದಿನದಲ್ಲಿ ಬಿಡಿಸಲಾಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಆವತ್ತೇ.

ನಮ್ಮ ಕಾಲೊನಿಯ ಹಿಂದೆ ಒಂದು ಖಾಲಿ ಜಾಗವಿದೆ. ಪ್ರತಿ ಶುಕ್ರವಾರ ಬೆಳಿಗ್ಗೆ, ಜುಮ್ಮಾ ನಮಾಜಿಗೆ ಹೊರಡುವ ಹೊತ್ತಿನ ತನಕ, ಅದು ನಮ್ಮವರ ಕ್ರಿಕೆಟ್ ಮೈದಾನ. ಮಂಗಳೂರು, ಬಂಟ್ವಾಳ, ಉಡುಪಿ, ಕಾಪು ಕಡೆಯವರೆಲ್ಲ ಕಾರ್ಮಿಕರ ಕ್ಯಾಂಪುಗಳಿಂದ ಬಂದು ಸೇರುತ್ತಾರೆ. ನೆಲ ಪೂರ್ತಿ ಮರಳು, ನಡುವೆ ಒಂದು ಸಿಮೆಂಟಿನ ಪಟ್ಟಿ, ಅದರ ಮೇಲೆ ಹಾಸುವ ಚಾಪೆ. ನನ್ನ ಗಂಡ ಎಲ್ಲರಿಗಿಂತ ಮೊದಲು ಹೋಗಿ ಜಿಪ್ಸಮ್ ಪುಡಿಯಲ್ಲಿ ಕ್ರೀಸು, ಬೌಂಡರಿ ಎಲ್ಲ ಎಳೆದಿರುತ್ತಾರೆ. ಗೆರೆ ಎಂದರೆ ಗೆರೆ. ಮದುವೆಮನೆಯ ರಂಗೋಲಿಯೂ ಅಷ್ಟು ನೀಟಾಗಿರುವುದಿಲ್ಲ.

ಆದರೆ ಮೈದಾನವೇ ಸೊಟ್ಟ. ಎದುರಿಗೆ ಮರಳು ರಸ್ತೆಯವರೆಗೂ ಬಿದ್ದುಕೊಂಡಿದೆ, ನೇರ ಹೊಡೆದ ಚೆಂಡಿನ ಹಿಂದೆ ಓಡಿದವರು ಅರ್ಧದಲ್ಲಿ ನಿಂತು ಸೊಂಟ ಹಿಡಿದುಕೊಳ್ಳುತ್ತಾರೆ. ಆಫ್ ಸೈಡಿನಲ್ಲಿ ಒಳಚರಂಡಿಯ ಮುಚ್ಚಳಗಳು, ಹಾಗಾಗಿ ಪಿಚ್ಚನ್ನು ಆ ಕಡೆ ಸರಿಸುವಂತಿಲ್ಲ. ಬ್ಯಾಟ್ ಹಿಡಿದವರ ಬೆನ್ನ ಕಡೆ, ಅಂದರೆ ಲೆಗ್ ಸೈಡಿನಲ್ಲಿ, ಸ್ವಲ್ಪವೇ ದೂರಕ್ಕೆ ತಂತಿಬೇಲಿ. ಬೇಲಿಯಾಚೆ ಒಂದು ಕಾರ್ಖಾನೆಯ ಪೈಪುಗಳು ಸಾಲಾಗಿ ಮಲಗಿವೆ, ಅಲ್ಲಿಗೆ ಪಾಸ್ ಇಲ್ಲದೆ ನೊಣವೂ ಹೋಗುವಂತಿಲ್ಲ. ಇನ್ನೊಂದು ತುದಿಯಿಂದ ಬೌಲ್ ಮಾಡಿದರೆ ಬ್ಯಾಟ್ ಮಾಡುವವರ ಕಣ್ಣಿಗೆ ಸೂರ್ಯ ಹೊಡೆಯುತ್ತಾನೆಂದು ನಮ್ಮಲ್ಲಿ ಬೌಲಿಂಗ್ ಒಂದೇ ತುದಿಯಿಂದ. ಹಾಗಾಗಿ ಬೇಲಿ ಯಾವಾಗಲೂ ಅದೇ ಬದಿಗೆ ಕಾದು ನಿಂತಿರುತ್ತದೆ.

ಮೈದಾನದ ಹಿರಿಯರೆಂದರೆ ಬಂಟ್ವಾಳದ ಕಾಕ. ಕ್ಯಾಂಪಿನಿಂದ ಕಾರ್ಖಾನೆಗೆ ಕಾರ್ಮಿಕರನ್ನು ಕರೆದೊಯ್ಯುವ ಕಂಪನಿ ಬಸ್ಸಿನ ಡ್ರೈವರು. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರ ನಡುವೆ ಹಿರಿಯರಿಗೆ ಕಾಕ ಎನ್ನುವ ರೂಢಿ, ನಾವೂ ಅದನ್ನೇ ಹಿಡಿದುಕೊಂಡೆವು. ಅವರು ನನ್ನ ಗಂಡನಿಗೆ ಪೊರ್ಬುಗಳೇ ಎನ್ನುತ್ತಾರೆ, ನನ್ನನ್ನು ಬಾಯಮ್ಮ ಎನ್ನುತ್ತಾರೆ. ನಮ್ಮ ಊರಿನ ಕಡೆ ಕ್ರಿಶ್ಚಿಯನ್ನರನ್ನು ಅಕ್ಕಪಕ್ಕದವರು ಕರೆಯುವುದೇ ಹಾಗೆ. ಇಷ್ಟು ದೂರದ ಮರಳಿನಲ್ಲಿ ಯಾರಾದರೂ ಬಾಯಮ್ಮ ಎಂದರೆ ಒಂದು ಕ್ಷಣ ನಮ್ಮ ಓಣಿಯ ಮೀನಿನ ಬುಟ್ಟಿಯೇ ಎದುರಿಗೆ ಬಂದಂತಾಗುತ್ತದೆ.

ಬೇಲಿಯ ನಿಯಮ ಮಾಡಿದವರು ಕಾಕ. ಆಟ ಶುರುವಾದ ಕಾಲದಲ್ಲಿ ಯಾರೋ ಹೊಡೆದ ಚೆಂಡು ಬೇಲಿ ದಾಟಿತು. ತರಲು ಕಾಕನೇ ಗೇಟಿಗೆ ಹೋದರು. ಗೇಟಿನ ಕಾವಲುಗಾರ ಅವರ ಇಕಾಮಾ, ಅಂದರೆ ಈ ದೇಶದಲ್ಲಿ ಇರಲು ಕೊಡುವ ಗುರುತಿನ ಕಾರ್ಡು, ಕಿತ್ತಿಟ್ಟುಕೊಂಡು, ಆಡುವ ವಯಸ್ಸಾ ಇದು ಎಂದು ಎಲ್ಲರೆದುರು ನಕ್ಕು, ಬಿಸಿಲಿನಲ್ಲಿ ನಿಲ್ಲಿಸಿಬಿಟ್ಟ. ಯಾರೋ ದೊಡ್ಡವರು ಬಂದು ಮಾತಾಡಿದ ಮೇಲೆ ಇಕಾಮಾ ಸಿಕ್ಕಿತು, ಚೆಂಡು ಸಿಗಲಿಲ್ಲ. ಕಾಕ ವಾಪಸು ಬಂದು ನೀರು ಕುಡಿದು ಹೇಳಿದ್ದು ಇಷ್ಟೇ.

"ಒಂದು ಚೆಂಡಿಗಾಗಿ ಅಲ್ಲಿ ಹೋಗಿ ಕೈ ಕಟ್ಟಿ ನಿಲ್ಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ. ನಮ್ಮವರು ಯಾರೂ ನಿಲ್ಲುದು ಬೇಡ. ಬೇಲಿ ದಾಟಿದ್ರೆ ಔಟು. ಹೊಡೆದವ ಅಂಪಾಯರ್ ಮುಖ ನೋಡದೆ ನಡೀಬೇಕು."

ಆವತ್ತಿನಿಂದ ಅದೇ ಕಾನೂನು. ಬೇಲಿ ದಾಟಿದ ಚೆಂಡನ್ನು ಯಾರೂ ಕೇಳಲು ಹೋಗುವುದಿಲ್ಲ, ಹೋದದ್ದು ಹೋಯಿತು. ಹೊಡೆದವನು ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು, ವಾದ ಮಾಡದೆ, ಹಿಂದೆ ತಿರುಗದೆ ನಡೆಯಬೇಕು. ತಾನಾಗಿ ನಡೆಯುವುದೇ ಅಲ್ಲಿ ಮರ್ಯಾದೆ. ಅಂಪೈರ್ ಬೆರಳೆತ್ತುವವರೆಗೆ ನಿಂತವನನ್ನು ಮುಂದಿನ ಶುಕ್ರವಾರ ಯಾರೂ ತಂಡಕ್ಕೆ ಕರೆಯುವುದಿಲ್ಲ. ಕ್ರಮೇಣ ಆ ನಡಿಗೆ ಬೇಲಿಗಷ್ಟೇ ಉಳಿಯಲಿಲ್ಲ, ಯಾವ ಬಗೆಯ ಔಟಿಗೂ ನಮ್ಮವರು ತಾವಾಗಿಯೇ ನಡೆಯತೊಡಗಿದರು. ಅಂಪೈರ್ ಕೆಲಸಕ್ಕೆ ನನ್ನನ್ನು ನಿಲ್ಲಿಸಿದರೂ ಆಗುತ್ತಿತ್ತು. ಒಂದೆರಡು ಸಲ ನಿಲ್ಲಿಸಿಯೂ ಇದ್ದಾರೆ.

ನಮ್ಮ ಒಬ್ಬಳೇ ಮಗಳು ಆಟ ಕಲಿತದ್ದು ಈ ಸೊಟ್ಟ ಮೈದಾನದಲ್ಲಿ. ಅಪ್ಪ ಗೆರೆ ಎಳೆಯುವಾಗ ಹಿಂದೆ ಹೋಗುತ್ತಿದ್ದವಳು ಚೆಂಡು ಹೆಕ್ಕಿಕೊಡಲು ಶುರುಮಾಡಿದಳು, ಆಮೇಲೆ ಒಂದು ಓವರ್ ಬ್ಯಾಟು ಕೊಡಿ ಎಂದಳು, ಆಮೇಲೆ ಅವಳನ್ನು ಔಟ್ ಮಾಡುವುದೇ ಗಂಡಸರಿಗೆ ಕಷ್ಟವಾಯಿತು. ಮೊದಲ ಬ್ಯಾಟನ್ನು ಕಾಕ ರಿಯಾದಿನ ಬತ್ಹಾ ಪೇಟೆಯಿಂದ ತಂದುಕೊಟ್ಟಿದ್ದರು. ಅವರ ಮೂರು ಹೆಣ್ಣುಮಕ್ಕಳು ಊರಲ್ಲಿ ಬೆಳೆದರು, ಇವಳು ಅವರ ಕಣ್ಣೆದುರು ಬೆಳೆದಳು. ಬೇಲಿಯ ಕಾನೂನು ಇವಳಿಗೂ ಒಂದೇ. ಚಿಕ್ಕವಳಿದ್ದಾಗ ಒಮ್ಮೆ ಬೇಲಿ ದಾಟಿಸಿ, ತುಟಿ ಕಚ್ಚಿಕೊಂಡು, ತನ್ನಷ್ಟೇ ಎತ್ತರದ ಬ್ಯಾಟನ್ನು ಕಂಕುಳಲ್ಲಿ ಇರುಕಿ ನಡೆದುಬಂದದ್ದು ನೆನಪಿದೆ. ನನ್ನ ಹತ್ತಿರ ಬಂದ ಮೇಲೆಯೇ ಅತ್ತದ್ದು.

ಆ ಬೇಲಿ ಅವಳ ಕೈಗೆ ಒಂದು ಅಭ್ಯಾಸ ಹಾಕಿತು. ಬೆನ್ನ ಕಡೆ ಎತ್ತಿ ಹೊಡೆಯುವುದೇ ಇಲ್ಲ. ಆ ಕಡೆ ಬಂದ ಚೆಂಡನ್ನೂ ಮಣಿಕಟ್ಟು ಬಗ್ಗಿಸಿ ನೆಲಕ್ಕೆ ಒತ್ತುತ್ತಾಳೆ. ಬದಲಿಗೆ ನೇರ ಹೊಡೆತ. ಬೌಲರಿನ ಪಕ್ಕದಿಂದ ಮರಳಿನ ಮೇಲೆ ಗೆರೆ ಕೊರೆದುಕೊಂಡು ಹೋಗುವ ಹಾಗೆ. ಮರಳಿನಲ್ಲಿ ಚೆಂಡು ಬೇಗ ನಿಲ್ಲುತ್ತದೆ, ಹಾಗಾಗಿ ಬಲವಾಗಿ ಹೊಡೆಯಲೇಬೇಕು. ಹುಡುಗಿಯ ತೋಳುಗಳು ಗಟ್ಟಿಯಾದವು. ಶುಕ್ರವಾರದ ಚಹಾದ ಫ್ಲಾಸ್ಕಿನ ಪಕ್ಕ ಕುರ್ಚಿ ಹಾಕಿಕೊಂಡು ನಾನು ಅದನ್ನು ನೋಡುತ್ತ ಕುಳಿತರೆ, ಗಂಟೆಗಟ್ಟಲೆ ಡ್ಯೂಟಿ ಮಾಡಿದ ಕಾಲುನೋವು ಎಲ್ಲೋ ಹೋಗುತ್ತಿತ್ತು.

ಹುಡುಗಿಯರಿಗೆ ಇಲ್ಲಿ ದೊಡ್ಡ ಮಟ್ಟದ ಪಂದ್ಯಗಳು ಶುರುವಾಗಿ ಹೆಚ್ಚು ಕಾಲವಾಗಿಲ್ಲ. ಹೋದ ಚಳಿಗಾಲದಲ್ಲಿ ಸುದ್ದಿ ಬಂತು. ನಮ್ಮ ಪೂರ್ವ ಪ್ರಾಂತ್ಯಕ್ಕೆ ಒಂದು ಹುಡುಗಿಯರ ತಂಡ ಆರಿಸುತ್ತಾರೆ, ಆ ತಂಡ ರಿಯಾದಿಗೆ ಹೋಗಿ ಬೇರೆ ಪ್ರಾಂತ್ಯದವರ ಜೊತೆ ಆಡುತ್ತದೆ, ಆಯ್ಕೆಗೆ ದಮ್ಮಾಮಿನಲ್ಲಿ ಒಂದು ಪಂದ್ಯ. ಮಗಳು ಆಗ ಹನ್ನೆರಡನೇ ತರಗತಿ. ಪರೀಕ್ಷೆ ಮುಗಿದರೆ ಮಂಗಳೂರಿನ ಕಾಲೇಜು, ಹಾಸ್ಟೆಲು. ಇಲ್ಲಿಯ ಮಕ್ಕಳ ಕತೆ ಅಷ್ಟೇ, ಓದು ಮುಗಿಯಿತೆಂದರೆ ಹಕ್ಕಿ ಹಾರಿತು. ಆಡಿದರೆ ಈ ವರ್ಷ ಆಡಬೇಕು, ಇನ್ನೊಂದು ಅವಕಾಶವಿಲ್ಲ. ಅವಳು ಪುಸ್ತಕದ ಪಕ್ಕದಲ್ಲೇ ಬ್ಯಾಟು ಇಟ್ಟುಕೊಂಡು ಓದಲು ಕೂರುತ್ತಿದ್ದಳು. ಎಷ್ಟು ಆಸೆಯಿದೆ ಎಂದು ತಾಯಿಗೆ ಬೇರೆ ಹೇಳಬೇಕೆ.

ಚಿಂತೆ ಹತ್ತಿದ್ದು ನನ್ನ ಗಂಡನಿಗೆ. ತಾನೇ ಗೆರೆ ಎಳೆದ ಮೈದಾನ ಮಗಳ ಆಟವನ್ನು ಸೊಟ್ಟ ಮಾಡಿತೇನೋ ಎಂದು. ದಮ್ಮಾಮಿನ ಮಕ್ಕಳು ಹುಲ್ಲಿನ ಮೇಲೆ, ಕೋಚ್ ಇಟ್ಟುಕೊಂಡು, ಎಲ್ಲ ಕಡೆಗೂ ಹೊಡೆಯಲು ಕಲಿತವರು. ನಮ್ಮವಳಿಗೆ ಅರ್ಧ ಮೈದಾನ ಇದ್ದೂ ಇಲ್ಲದ ಹಾಗೆ. ಪಂದ್ಯಕ್ಕೆ ಮುಂಚಿನ ಶುಕ್ರವಾರಗಳಲ್ಲಿ ಬೇಲಿಯ ಕಾನೂನನ್ನು ಇವಳಿಗೆ ಸಡಿಲ ಮಾಡೋಣವೇ ಎಂದು ಇವರು ಕಾಕನನ್ನು ಕೇಳಿದರು. ಕಾಕ ಒಪ್ಪಲಿಲ್ಲ. ಒಬ್ಬರಿಗೆ ಸಡಿಲ ಮಾಡಿದರೆ ಅದು ಕಾನೂನೇ ಅಲ್ಲ ಎಂದರು. ನನಗೆ ಸಿಟ್ಟು ಬಂತು. ಒಂದು ಚೆಂಡಿನ ಹಟಕ್ಕೆ ಹುಡುಗಿಯ ಭವಿಷ್ಯವೇ ಎಂದು ಮನೆಗೆ ಬಂದು ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಕೇಳಿದವಳು ಮಗಳು. ಅವಳಿಗೆ ಇಂಗ್ಲಿಷೇ ಹೆಚ್ಚು, ನನ್ನ ಜೊತೆ ಮಾತ್ರ ಕೊಂಕಣಿ. ಕಾಕ ಹೇಳಿದ್ದು ಸರಿ ಮಮ್ಮಿ ಎಂದು ಹೇಳಿ ಓದಲು ಹೋದಳು.

ಪಂದ್ಯದ ದಿನ ಕಾಕನೂ ರಜೆ ಹಾಕಿ ನಮ್ಮ ಕಾರಿನಲ್ಲೇ ಬಂದರು. ದಮ್ಮಾಮಿನ ಆ ಮೈದಾನ ಪೂರ್ತಿ ಹುಲ್ಲಿನದು. ಅಷ್ಟು ಹಸಿರನ್ನು ನಾನು ಈ ದೇಶದಲ್ಲಿ ಒಂದೇ ಕಡೆ ನೋಡಿರಲಿಲ್ಲ. ಸುತ್ತ ಬಿಳಿ ಹಗ್ಗ, ಎಲ್ಲೂ ಬೇಲಿಯಿಲ್ಲ. ಇವರು ಇಳಿದವರೇ ಹೆಜ್ಜೆ ಹಾಕಲು ಹೊರಟರು. ಒಂದು ಸುತ್ತು ಹಾಕಿ ಬಂದು, ಅಪರೂಪಕ್ಕೆ ಮುಖ ಅರಳಿಸಿಕೊಂಡು ಹೇಳಿದರು. ಇವತ್ತಿನ ಪಿಚ್ಚು ನಡುವೆ ಇಲ್ಲ, ಒಂದು ಬದಿಗಿದೆ. ಒಂದು ತುದಿಯಲ್ಲಿ ಬ್ಯಾಟ್ ಮಾಡಿದರೆ ಲೆಗ್ ಸೈಡಿನ ಹಗ್ಗ ಹತ್ತಿರ, ಹೆಚ್ಚುಕಡಿಮೆ ನಮ್ಮ ಬೇಲಿ ಇರುವಷ್ಟೇ ದೂರ.

"ಇಲ್ಲಿ ಬೇಲಿ ಇಲ್ಲ, ನೆನಪಿಟ್ಟುಕೋ" ಎಂದು ಮಗಳ ಹೆಗಲ ಮೇಲೆ ಕೈಯಿಟ್ಟರು. ಗೊತ್ತು ಡ್ಯಾಡಿ ಎಂದಳು. ಗೊತ್ತಿರುವುದು ತಲೆಗೆ, ಕೈಕಾಲಿಗಲ್ಲ ಎಂದು ನನ್ನ ಮನಸ್ಸು ಹೇಳಿತು. ನಾನು ಹೇಳಲಿಲ್ಲ. ಆಡುವ ಮುಂಚೆ ಮಕ್ಕಳ ಕಿವಿಯಲ್ಲಿ ಅಪಶಕುನ ಊದಬಾರದು.

ಎದುರು ತಂಡ ಮೊದಲು ಆಡಿ ಒಳ್ಳೆಯ ರನ್ನು ಹೊಡೆಯಿತು. ನಮ್ಮವಳ ತಂಡದಲ್ಲಿ ಮೊದಲು ಬ್ಯಾಟ್ ಹಿಡಿದವರು ಬೇಗ ಬೇಗ ಔಟಾಗಿ ಬಂದರು. ಇವಳು ಹೋಗಿ ನಿಂತಳು. ಮೊದಲ ಕೆಲವು ಹೊಡೆತಗಳು ಬೌಲರಿನ ಪಕ್ಕದಿಂದ ಹುಲ್ಲು ಸೀಳಿಕೊಂಡು ಹೋದಾಗ ಕಾಕ ತೊಡೆ ತಟ್ಟಿದರು. ಮರಳಿನಲ್ಲಿ ತೋಳು ಸವೆಸಿದವಳಿಗೆ ಹುಲ್ಲು ಹೂವಿನ ಹಾಸಿಗೆ. ಚೆಂಡು ನಿಲ್ಲಲೇ ಇಲ್ಲ.

ಆದರೆ ಎದುರಿನ ಕ್ಯಾಪ್ಟನ್ ಹುಡುಗಿ ಚುರುಕು. ಇವಳು ಬೆನ್ನ ಕಡೆ ಹೊಡೆಯುವುದಿಲ್ಲ ಎಂಬುದನ್ನು ಬೇಗ ಕಂಡುಕೊಂಡಳು. ಲೆಗ್ ಸೈಡಿನಲ್ಲಿದ್ದವರನ್ನೆಲ್ಲ ಎತ್ತಿ ನೇರಕ್ಕೂ ಆಫ್ ಸೈಡಿಗೂ ನಿಲ್ಲಿಸಿದಳು. ಬೌಲರಿಗೆ ಚೆಂಡನ್ನು ಲೆಗ್ ಸೈಡಿಗೇ ಹಾಕಲು ಹೇಳಿದಳು. ಅರ್ಧ ಮೈದಾನ ಖಾಲಿ ಬಿದ್ದಿದೆ, ಬಾ ಹೊಡಿ ಎಂದು ಕರೆಯುತ್ತಿದೆ, ನಮ್ಮ ಹುಡುಗಿ ಮಣಿಕಟ್ಟು ಬಗ್ಗಿಸಿ ನೆಲಕ್ಕೆ ಒತ್ತುತ್ತಿದ್ದಾಳೆ. ರನ್ನು ನಿಂತುಹೋಯಿತು. ನನ್ನ ಪಕ್ಕ ಕುಳಿತಿದ್ದ ಇನ್ನೊಬ್ಬ ಆಟಗಾರ್ತಿಯ ತಾಯಿ, ಪಾಪ, ಕ್ಯಾಂಪಿನ ಮರಳಿನಲ್ಲಿ ಕಲಿತವರಿಗೆ ಇಷ್ಟೇ ಬರುವುದು ಎಂದು ಗೆಳತಿಗೆ ಹೇಳಿದಳು. ಹಿಂದಿಯಲ್ಲಿ ಹೇಳಿದರೆ ನನಗೆ ತಿಳಿಯುವುದಿಲ್ಲವೆಂದುಕೊಂಡಳೋ ಏನೋ. ಪಾಪ ಎಂಬ ಮಾತು ನನ್ನ ಮಗಳ ಮೇಲೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಚಹಾ ಬೇಕಾ ಎಂದು ಅದೇ ಹಿಂದಿಯಲ್ಲಿ ಕೇಳಿದೆ. ಆಕೆ ದುಪಟ್ಟಾ ಸರಿಮಾಡಿಕೊಂಡು ಮೈದಾನದ ಕಡೆ ತಿರುಗಿದಳು.

ಮುಂದಿನ ಓವರಿನಲ್ಲಿ ಮಗಳು ಒಮ್ಮೆ ಹಿಂದೆ ಸರಿದು, ಖಾಲಿ ಜಾಗದ ಕಡೆ ನೋಡಿದಳು. ನನ್ನ ಗಂಡ ಎದ್ದು ನಿಂತರು. ಚೆಂಡು ಕಾಲಿನ ಹತ್ತಿರ ಬಂತು. ಅವಳು ಮಣಿಕಟ್ಟು ಬಗ್ಗಿಸಲಿಲ್ಲ, ಪೂರ್ತಿ ತಿರುಗಿ ಎತ್ತಿ ಬೀಸಿದಳು. ಅಷ್ಟು ವರ್ಷ ಒತ್ತಿ ಹಿಡಿದಿದ್ದ ಹೊಡೆತ. ಚೆಂಡು ಮೇಲೇರಿ, ಹಗ್ಗ ದಾಟಿ, ಕಾರುಗಳು ನಿಂತಿದ್ದ ಕಡೆ ಹೋಗಿ ಬಿತ್ತು. ಸಿಕ್ಸರ್. ಇಡೀ ಮೈದಾನ ಚಪ್ಪಾಳೆ ತಟ್ಟಿತು.

ನಮ್ಮ ಹುಡುಗಿ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು, ತಲೆ ತಗ್ಗಿಸಿ, ನಮ್ಮ ಕಡೆಗೆ ನಡೆದುಬರತೊಡಗಿದಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ನೀರು ಕುಡಿಯಲು ಬರುತ್ತಿದ್ದಾಳೆ ಎಂದುಕೊಂಡಿರಬೇಕು. ಅಂಪೈರ್ ಲಾಹೋರಿನ ಕಡೆಯ ವಯಸ್ಸಾದ ಮನುಷ್ಯ. ಸಿಕ್ಸರಿಗೆ ಎತ್ತಿದ್ದ ಎರಡೂ ಕೈ ಹಾಗೇ ಇಟ್ಟುಕೊಂಡು, ಬೇಟಿ, ಎಲ್ಲಿಗೆ ಎಂದು ಉರ್ದುವಿನಲ್ಲಿ ಕೂಗಿದರು. ಆಗ ಅವಳಿಗೆ ಎಚ್ಚರವಾಯಿತು. ನಿಂತು ಸುತ್ತ ನೋಡಿದಳು, ಹಗ್ಗ ನೋಡಿದಳು, ನಾಲಿಗೆ ಕಚ್ಚಿಕೊಂಡಳು. ನಗು ಎದ್ದಿತು. ಎದುರು ತಂಡದವರು, ಅವಳದೇ ತಂಡದವರು, ನನ್ನ ಪಕ್ಕದವಳು, ಎಲ್ಲರೂ. ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಕಾಕ ಮಾತ್ರ ನಗಲಿಲ್ಲ. ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು.

"ತಪ್ಪು ನನ್ನದು ಬಾಯಮ್ಮ" ಎಂದರು ಮೆಲ್ಲಗೆ. ನನಗೂ ಹಾಗೇ ಅನಿಸಿತ್ತು, ಆದರೆ ಅವರ ಮುಖ ನೋಡಿ ಅಲ್ಲ ಎಂದೆ.

ಮಗಳು ವಾಪಸು ಹೋಗಿ ಆಡಿದಳು. ಮುಖ ಮಾತ್ರ ಕೆಂಪಾಗಿತ್ತು. ಎದುರಿನ ಕ್ಯಾಪ್ಟನ್ ಗಾಬರಿಯಿಂದ ಒಂದಿಬ್ಬರನ್ನು ಲೆಗ್ ಸೈಡಿಗೆ ಕಳಿಸಿದಳು, ಅಷ್ಟಕ್ಕೇ ನೇರದ ದಾರಿ ತೆರೆಯಿತು. ಮತ್ತೆ ಬೌಲರಿನ ಪಕ್ಕದ ಹೊಡೆತಗಳು. ಗೆಲ್ಲಲು ಬೇಕಾದ ರನ್ನು ಕರಗುತ್ತ ಬಂತು. ಇವಳೊಬ್ಬಳು ಕೊನೆತನಕ ನಿಂತರೆ ಗೆಲುವು, ಗೆದ್ದರೆ ಆಯ್ಕೆ ಖಂಡಿತ ಎಂದು ಹಿಂದೆ ಕುಳಿತವರು ಮಾತಾಡಿಕೊಳ್ಳುತ್ತಿದ್ದರು. ನನ್ನ ಗಂಡ ಜೇಬಿನ ಟೇಪನ್ನು ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು. ಅದರ ಟಪ್ ಟಪ್ ಸದ್ದಿಗೆ ನಾನು ಕಣ್ಣು ಕೆಕ್ಕರಿಸಿದೆ, ಅವರಿಗೆ ಪರಿವೆಯೇ ಇಲ್ಲ.

ಆಮೇಲೆ ಹೊರಗೆ ಹೋಗುತ್ತಿದ್ದ ಒಂದು ಚೆಂಡು. ಅವಳು ಬ್ಯಾಟು ಚಾಚಿದಳು, ಚೆಂಡು ಹಿಂದೆ ಕೀಪರ್ ಕೈಗೆ ಹೋಯಿತು. ನಮಗೆ ಏನೂ ಕೇಳಲಿಲ್ಲ, ಕಾಣಲೂ ಇಲ್ಲ. ಬೌಲರ್ ಒಂದು ಸಲ ಹೌದೋ ಅಲ್ಲವೋ ಎಂಬಂತೆ ಅಂಪೈರ್ ಕಡೆ ತಿರುಗಿ ಕೇಳಿದಳು. ಅಂಪೈರ್ ಇಲ್ಲ ಎಂದು ತಲೆಯಾಡಿಸಿದರು. ಕೀಪರ್ ಚೆಂಡನ್ನು ವಾಪಸು ಎಸೆಯಲು ಕೈಯೆತ್ತಿದ್ದಳು.

ನನ್ನ ಮಗಳು ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ನಡೆಯತೊಡಗಿದಳು.

ಈ ಸಲ ನಗು ಇನ್ನೂ ಜೋರು. ಮತ್ತೆ ಶುರುವಾಯಿತು ನೋಡಿ ಎಂದು ಯಾರೋ ಕೂಗಿದರು. ಅವಳ ತಂಡದ ಹುಡುಗಿಯರು ವಾಪಸು ಹೋಗು, ವಾಪಸು ಹೋಗು ಎಂದು ಕೈ ಬೀಸಿದರು. ಅಂಪೈರ್ ನಗುತ್ತಲೇ ಎರಡು ಹೆಜ್ಜೆ ಅವಳ ಹಿಂದೆ ಬಂದರು.

"ಬೇಟಿ, ರುಕೋ. ಯೇ ಭೀ ಔಟ್ ನಹೀಂ ಹೈ." ನಿಲ್ಲು ಮಗಳೇ, ಇದೂ ಔಟಲ್ಲ ಎಂದು.

ಅವಳು ನಿಂತು ತಿರುಗಿದಳು. ಆಗಲೇ ನಮ್ಮ ಹತ್ತಿರಕ್ಕೆ ಬಂದಿದ್ದಳು, ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ನಮಗೆಲ್ಲ ಚೆನ್ನಾಗಿ ಕೇಳಿಸಿತು.

"ಬ್ಯಾಟಿಗೆ ತಾಗಿತು ಸರ್. ಇದು ಎಲ್ಲಾ ಗ್ರೌಂಡಲ್ಲೂ ಔಟ್."

ನಗು ತಟ್ಟನೆ ನಿಂತಿತು. ಅಂಪೈರ್ ಮುಖ ಗಂಭೀರ ಮಾಡಿಕೊಂಡು, ಬೆರಳೆತ್ತಿದರು. ಅವಳು ಆ ಬೆರಳು ನೋಡಲೂ ನಿಲ್ಲಲಿಲ್ಲ. ಚಿಕ್ಕವಳಿದ್ದಾಗ ನಡೆದುಬಂದ ಹಾಗೇ, ತುಟಿ ಕಚ್ಚಿಕೊಂಡು, ನೇರ ನಮ್ಮ ಕಡೆ. ಆದರೆ ಈ ಸಲ ನನ್ನ ಹತ್ತಿರ ಬಂದರೂ ಅಳಲಿಲ್ಲ. ಹೆಲ್ಮೆಟ್ಟು ತೆಗೆದು ನೀರು ಕೇಳಿದಳು. ಬಾಟಲಿಯ ಮುಚ್ಚಳ ತೆಗೆಯಲು ನನಗೇ ಆಗಲಿಲ್ಲ, ಕಾಕ ತೆಗೆದುಕೊಟ್ಟರು.

ಅವಳ ತಂಡ ಸೋತಿತು. ಸ್ವಲ್ಪದರಲ್ಲೇ ಸೋತಿತು, ಅದು ಇನ್ನೂ ಕಷ್ಟ. ಜೊತೆಯ ಹುಡುಗಿಯರಲ್ಲಿ ಕೆಲವರು ಅವಳ ಜೊತೆ ಮಾತು ಬಿಟ್ಟು ದೂರ ಕುಳಿತರು. ಅವರನ್ನು ನಾನು ಬಯ್ಯುವುದಿಲ್ಲ. ಅವರಿಗೂ ಅದೊಂದೇ ಪಂದ್ಯ, ಅವರಿಗೂ ತಾಯಂದಿರಿದ್ದಾರೆ. ಮಗಳು ಪ್ಯಾಡು ಬಿಚ್ಚಿ ಚೀಲಕ್ಕೆ ತುಂಬಿ ಒಬ್ಬಳೇ ಕುಳಿತಳು. ನಾನು ಹೋಗಿ ಪಕ್ಕ ಕುಳಿತೆ. ಸಿಟ್ಟಾ ಮಮ್ಮಿ ಎಂದು ಕೇಳಿದಳು. ಹುಚ್ಚಿ ಎಂದೆ.

ಆಯ್ಕೆಯವರಲ್ಲಿ ಹಿರಿಯರು ಹೈದರಾಬಾದಿನ ಹೆಂಗಸು, ಹಿಂದೆ ತಾವೂ ಆಡಿದವರು. ಅವರು ಹೆಸರುಗಳನ್ನು ಒಂದೊಂದಾಗಿ ಓದಿದರು. ನಾನು ನನ್ನ ಗಂಡನ ತೋಳು ಹಿಡಿದುಕೊಂಡು ನೆಲ ನೋಡುತ್ತಿದ್ದೆ. ಮಗಳ ಹೆಸರು ಬಂತು. ಬಂದದ್ದೇ ತಡ ನಾನು ಚಪ್ಪಾಳೆ ತಟ್ಟಿದೆ, ಪಟ್ಟಿ ಮುಗಿಯುವ ಮುಂಚೆ ಯಾರೂ ತಟ್ಟಬಾರದೆಂಬ ವಿಷಯ ನನಗೇನು ಗೊತ್ತು. ಪಕ್ಕದ ತಾಯಿ ನನ್ನನ್ನೇ ನೋಡಿದಳು. ನೋಡಲಿ.

ಕೊನೆಗೆ ಆ ಹೆಂಗಸು ನಮ್ಮ ಹತ್ತಿರ ಬಂದು, ಇಷ್ಟು ನೇರವಾಗಿ ಹೊಡೆಯುವ ಹುಡುಗಿ ನಮ್ಮಲ್ಲಿರಲಿಲ್ಲ, ಎಲ್ಲಿ ಕಲಿತಳು ಎಂದು ಕೇಳಿದರು. ನನ್ನ ಗಂಡನಿಗೆ ಅಷ್ಟೇ ಸಾಕಿತ್ತು. ಬೇಲಿ, ಪೈಪು, ಚರಂಡಿಯ ಮುಚ್ಚಳ, ರಸ್ತೆಯವರೆಗಿನ ಮರಳು, ಇಡೀ ಮೈದಾನವನ್ನು ಅವರೆದುರು ಹಾಸಿಬಿಟ್ಟರು. ಆಕೆ ಸಹನೆಯಿಂದ ಕೇಳಿಸಿಕೊಂಡರು. ತಾವು ಹುಡುಗಿಯಾಗಿದ್ದಾಗ ಹೈದರಾಬಾದಿನಲ್ಲಿ ಆಡಿದ ಅಂಗಳದಲ್ಲಿ ಒಂದು ಬಾವಿಯಿತ್ತು, ಅದಕ್ಕೆ ಹೆದರಿ ಇಂದಿಗೂ ಒಂದು ಹೊಡೆತ ತಮಗೆ ಬರುವುದಿಲ್ಲ ಎಂದು ನಕ್ಕರು. ಮಗಳು ತಾನಾಗಿ ನಡೆದ ವಿಷಯ ಅವರು ಎತ್ತಲಿಲ್ಲ. ಅದಕ್ಕೆ ಆಯ್ಕೆಯಲ್ಲಿ ಅಂಕವಿಲ್ಲ. ನನ್ನ ಲೆಕ್ಕದಲ್ಲಿ ಮಾತ್ರ ಆವತ್ತು ಅವಳು ಹೊಡೆದ ರನ್ನುಗಳಿಗಿಂತ ಅದೇ ದೊಡ್ಡದು. ಜುಬೈಲಿಗೆ ಮರಳುವ ದಾರಿಯುದ್ದಕ್ಕೂ ಕಾಕ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

ಮುಂದಿನ ಶುಕ್ರವಾರ ನಮ್ಮ ಮೈದಾನದಲ್ಲಿ ಎಂದಿಗಿಂತ ಹೆಚ್ಚು ಜನ. ಸುದ್ದಿ ಕ್ಯಾಂಪುಗಳಿಗೆಲ್ಲ ತಲುಪಿತ್ತು. ಗೆರೆಗಳು ಹೊಳೆಯುತ್ತಿದ್ದವು, ನನ್ನ ಗಂಡ ಆವತ್ತು ಜಿಪ್ಸಮ್ ಪುಡಿಯನ್ನು ಧಾರಾಳವಾಗಿ ಸುರಿದಿದ್ದರು. ನಾನೂ ಫ್ಲಾಸ್ಕಿನ ಜೊತೆ ಒಂದು ದೊಡ್ಡ ಡಬ್ಬ ಗೋಳಿಬಜೆ ಮಾಡಿಕೊಂಡು ಹೋಗಿದ್ದೆ. ಮಗಳು ಬ್ಯಾಟು ಹಿಡಿದು ನಿಂತಾಗ ಕಾಕ ಬೌಲರಿನ ಕೈಯಿಂದ ಚೆಂಡು ತೆಗೆದುಕೊಂಡರು.

"ಇವತ್ತು ನಾನು ಹಾಕ್ತೇನೆ. ಒಂದು ಬಾಲಿಗೆ ಬೇಲಿ ಇಲ್ಲ ಅಂತ ತಿಳ್ಕೊ ಮಗಾ. ಹೊಡಿ."

ಕಾನೂನು ಮಾಡಿದವರೇ ಹೀಗೆಂದರೆ ಜನರಿಗೆ ಆಶ್ಚರ್ಯವಾಗದೆ ಇರುತ್ತದೆಯೇ. ಸಡಿಲ ಮಾಡಿದರೆ ಅದು ಕಾನೂನೇ ಅಲ್ಲ ಅಂದವರು ನೀವೇ ಅಲ್ಲವಾ ಎಂದು ನಾನು ಕುಳಿತಲ್ಲಿಂದಲೇ ಕೆಣಕಿದೆ. ಕಾಕ ಕೇಳದವರ ಹಾಗೆ ಮೆಲ್ಲಗೆ ಓಡಿಬಂದು ಚೆಂಡನ್ನು ಕಾಲಿನ ಕಡೆಗೇ ಹಾಕಿದರು. ಮಗಳು ತಿರುಗಿ ಬೀಸಿದಳು. ಚೆಂಡು ಬೇಲಿಯ ಮೇಲೆ ಬಹಳ ಎತ್ತರದಲ್ಲಿ ಹಾರಿ, ಪೈಪುಗಳ ಮೇಲೆ ಟಣ್ ಎಂದು ಬಿತ್ತು. ಅವಳ ಕೈ ತಾನಾಗಿ ಬ್ಯಾಟನ್ನು ಕಂಕುಳಿಗೆ ಏರಿಸಿತು, ಕಾಲು ತಾನಾಗಿ ಹೊರಟಿತು.

"ಎಲ್ಲಿಗೆ? ಅಲ್ಲೇ ನಿಲ್ಲು" ಎಂದರು ಕಾಕ.

ಹೇಳಿದವರೇ ಅಂಗಿಯ ಕಾಲರು ಸರಿಮಾಡಿಕೊಂಡರು, ಟೊಪ್ಪಿ ಸರಿಯಾಗಿ ಇಟ್ಟುಕೊಂಡರು, ಜೇಬಿನಿಂದ ಇಕಾಮಾ ತೆಗೆದು ಕೈಯಲ್ಲಿ ಹಿಡಿದುಕೊಂಡು ಗೇಟಿನ ಕಡೆ ಹೊರಟರು. ಯಾರೂ ತಡೆಯಲಿಲ್ಲ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಗೇಟಿನಲ್ಲಿ ಕಾವಲುಗಾರ ಹೊರಬಂದದ್ದು ಕಂಡಿತು. ಕಾಕ ಏನೋ ಹೇಳಿದರು, ತಿರುಗಿ ನಮ್ಮ ಮೈದಾನದ ಕಡೆ, ಕ್ರೀಸಿನಲ್ಲಿ ನಿಂತವಳ ಕಡೆ ಕೈ ತೋರಿಸಿದರು. ಕಾವಲುಗಾರ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಆಮೇಲೆ ಒಳಗೆ ಹೋದ. ಕಾಕ ಬಿಸಿಲಿನಲ್ಲಿ ಕಾದು ನಿಂತರು.

ಅವರು ಚೆಂಡು ಹಿಡಿದುಕೊಂಡೇ ವಾಪಸು ಬಂದರು. ಏನು ಹೇಳಿದಿರಿ ಎಂದು ನಾನು ಕೇಳಿದೆ.

"ಕೈ ಕಟ್ಲಿಲ್ಲ ಬಾಯಮ್ಮ. ರಿಯಾದಿಗೆ ಆಡ್ಲಿಕ್ಕೆ ಹೋಗುವ ನಮ್ಮ ಹುಡುಗಿ ಹೊಡೆದದ್ದು, ಕೊಡಿ ಅಂತ ಹೇಳಿದೆ."

ಮಗಳು ಇನ್ನೂ ಕ್ರೀಸಿನಲ್ಲೇ ನಿಂತಿದ್ದಳು. ಕಾಕ ಚೆಂಡಿನ ಮರಳನ್ನು ಅಂಗಿಗೆ ಒರೆಸಿ ಬೌಲರಿಗೆ ಕೊಟ್ಟರು. ಈಗಿನಿಂದ ಮತ್ತೆ ಬೇಲಿ ದಾಟಿದರೆ ಔಟ್ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ನನ್ನ ಪಕ್ಕಕ್ಕೆ ಬಂದು ಕುಳಿತು ಚಹಾ ಕೇಳಿದರು.